ಕೋಲಾರದ ಬೋರ್ ನೀರಲ್ಲಿ ಬಂಬಲ್‌ಬೀ ಗೋಬಿ

ನಮ್ ಕೋಲಾರಕ್ಕೂ ಸಮುದ್ರಕ್ಕೂ ಎಲ್ಲಿಂದೆಲ್ಲಿ ಸಂಬಂಧ, ಆದ್ರೂ ಹಾಲ್‌ನಲ್ಲಿರೋ ಚಿಕ್ಕ ಟ್ಯಾಂಕಲ್ಲಿ ಬಂಬಲ್‌ಬೀ ಗೋಬಿ ಸಾಕ್ತಿದೀನಿ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಕಡೆ ನದಿ ಸಮುದ್ರ ಸೇರೋ ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದೀಲಿ ಇರೋ ಮೀನು ಇದು, ಬೆಳೆದ್ರೆ 3-4 ಸೆಂಟಿಮೀಟರ್ ಅಷ್ಟೇ, ಮೈತುಂಬಾ ಹಳದಿ ಕಪ್ಪು ಪಟ್ಟೆ. ಹೊಟ್ಟೆ ಕೆಳಗಿನ ಎರಡು ರೆಕ್ಕೆ ಕೂಡ್ಕೊಂಡು ಬಟ್ಟಲು ಥರ ಆಗಿರುತ್ತೆ, ಅದ್ರಲ್ಲೇ ಗಾಜಿಗೆ ಅಂಟ್ಕೊಂಡು ನಮ್ಮನ್ನೇ ಗುರಾಯಿಸ್ತವೆ.

ಅಂಗಡಿಗಳಲ್ಲಿ ಸಿಹಿನೀರಿನ ಮೀನು ಅಂತಾನೇ ಕೊಡ್ತಾರೆ, ಆದ್ರೆ ನೀರಿಗೆ ಚೂರು ಉಪ್ಪಿದ್ರೆ ಚೆನ್ನಾಗಿರ್ತವೆ (ಅಡುಗೆ ಉಪ್ಪಲ್ಲ ಮತ್ತೆ, ಸಮುದ್ರ ಮೀನಿನ ಟ್ಯಾಂಕಿಗೆ ಹಾಕೋ ಮರೀನ್ ಸಾಲ್ಟ್). ನಮ್ ಬೋರ್ ನೀರು ಗಡಸು, ಪಾತ್ರೇಲೆಲ್ಲಾ ಬಿಳಿ ಕಟ್ಟುತ್ತೆ ಅಂತ ಅಮ್ಮ ಬೈತಾನೇ ಇರ್ತಾರೆ, ಈ ಮೀನಿಗೆ ಮಾತ್ರ ಅದೇ ಒಗ್ಗುತ್ತೆ ನೋಡಿ!

ರಗಳೆ ಇರೋದು ಊಟದ್ದು. ಒಣ ಪೆಲೆಟ್ ಹಾಕಿದ್ರೆ ತಿರುಗೀನೂ ನೋಡಲ್ಲ, ಆರ್ಟೀಮಿಯಾ ಮರಿ, ಡಾಫ್ನಿಯಾ ಥರ ಜೀವ ಇರೋ ಸಣ್ಣ ನೀರುಹುಳಾನೇ ಬೇಕು, ಗಪ್ಪಿ ಮೀನಿನ ಜೊತೆ ಬಿಟ್ರೆ ಅವು ಎಲ್ಲಾ ಮುಕ್ಕಿಬಿಡ್ತವೆ, ಇವು ನಿಧಾನ, ಉಪವಾಸ ಬೀಳ್ತವೆ. ಅದಕ್ಕೇ ಇವಕ್ಕೆ ಬೇರೆ ಟ್ಯಾಂಕು. ಒಳಗೆ ಖಾಲಿ ಬಸವನಹುಳು ಚಿಪ್ಪು ಒಂದೆರಡು ಹಾಕಿಡಿ, ಅದ್ರಲ್ಲೇ ಮೊಟ್ಟೆ ಇಡ್ತವೆ, ಅದನ್ನ ಕಾಯೋದು ಗಂಡು.