ಸಂಜೆಯ ಧಾರಣೆ, ನಡುರಾತ್ರಿಯ ಬೆಲೆ

ಚಿಕ್ಕಮಗಳೂರಿನ ಕಾಫಿ ಖರೀದಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನಾನು, ಬಿ.ಎಸ್ಸಿ.ಯಲ್ಲಿ ಓದಿದ್ದ ಸಂಖ್ಯಾಶಾಸ್ತ್ರವನ್ನೂ ಆಮೇಲೆ ರಾತ್ರಿ ಕೂತು ಕಲಿತ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಜೋಡಿಸಿ ವಹಿವಾಟಿಗೊಂದು ನಿಯಮ ಕಟ್ಟಲು ಹೊರಟಿದ್ದೆ. ಮುಂದಿನ ತಿಂಗಳುಗಳ ಸರಕಿಗೆ ಇಂದೇ ಬೆಲೆ ಕಟ್ಟುವ ನ್ಯೂಯಾರ್ಕ್ ವಾಯಿದಾ ಪೇಟೆಯಲ್ಲಿ ಅರೇಬಿಕಾ ಕಾಫಿಯ ಬೆಲೆ ಏರಿದ ದಿನ ಇಲ್ಲಿ ಪಾರ್ಚ್‌ಮೆಂಟ್ (ಹೊರಸಿಪ್ಪೆ ತೆಗೆದು ಒಣಗಿಸಿದ, ಒಳಪೊರೆ ಇನ್ನೂ ಇರುವ ಕಾಫಿ) ಕೊಳ್ಳಬೇಕು, ಮರುದಿನ ಮಾರಬೇಕು, ನಿಯಮ ಇಷ್ಟೇ. ಅಲ್ಲಿಯ ಬೆಲೆ ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದಿದ್ದರೆ ನಮ್ಮ ಧಾರಣೆ 50 ಕೆ.ಜಿ. ಮೂಟೆಗೆ ಇಷ್ಟು ರೂಪಾಯಿ ಎಂದಿರುತ್ತದೆ. ಆದ್ದರಿಂದ ಎರಡರಲ್ಲೂ ದಿನದಿಂದ ದಿನಕ್ಕಾಗುವ ಶೇಕಡಾವಾರು ಬದಲಾವಣೆಯನ್ನು ತೆಗೆದು, ತಾರೀಖಿನ ಆಧಾರದ ಮೇಲೆ ಎರಡು ಪಟ್ಟಿಗಳನ್ನು ಜೋಡಿಸಿದೆ. ಹಳೆಯ ಧಾರಣೆಗಳ ಮೇಲೆ ಓಡಿಸಿದಾಗ ಹತ್ತರಲ್ಲಿ ಎಂಟು ಸಲ ಲಾಭ ಬಂತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಅದನ್ನು ನಮ್ಮಲ್ಲಿ ಬಹಳ ವರ್ಷಗಳಿಂದ ಖರೀದಿ ನೋಡಿಕೊಳ್ಳುತ್ತಿರುವ ಹಿರಿಯರಿಗೆ ತೋರಿಸಿದೆ. ಅವರು ಕಂಪ್ಯೂಟರ್ ಮುಟ್ಟುವವರಲ್ಲ. ಪರದೆಯ ಮೇಲಿನ ಒಂದು ಸಾಲನ್ನು ಬೆರಳಿಟ್ಟು ಓದಿ, "ಅಲ್ಲಪ್ಪಾ, ನಾವು ಸಂಜೆ ಐದಕ್ಕೆ ಖರೀದಿ ಮುಗಿಸ್ತೀವಿ. ಅಮೆರಿಕದ ಪೇಟೆ ಮುಚ್ಚೋದು ನಾವು ಮಲಗೋ ಹೊತ್ತಿಗೆ. ಆ ರೇಟು ನಿನಗೆ ಸಂಜೆಗೇ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು.

ತಪ್ಪು ಇದ್ದದ್ದು ಅಲ್ಲೇ. ಅಲ್ಲಿಯ ಅರೇಬಿಕಾ ವಹಿವಾಟು ಅವರ ಗಡಿಯಾರದಲ್ಲಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ; ಆಗ ನಮಗೆ ರಾತ್ರಿ 11 ಗಂಟೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಮಾರ್ಚ್‌ವರೆಗೆ, ಅಂದರೆ ನಮ್ಮ ಕಣಗಳಲ್ಲಿ ಕಾಫಿ ಒಣಗುವ ತಿಂಗಳುಗಳಲ್ಲೇ, ಅದು ಸರಿಯಾಗಿ ನಡುರಾತ್ರಿ 12ಕ್ಕೆ ಮುಚ್ಚಿ ನಮ್ಮ ತಾರೀಖೇ ಬದಲಾಗಿಬಿಡುತ್ತದೆ. ತಾರೀಖು ಒಂದೇ ಎಂದು ಎರಡನ್ನೂ ಒಂದೇ ಸಾಲಿಗೆ ತಂದಾಗ, ಇನ್ನೂ ಹುಟ್ಟದ ಬೆಲೆಯನ್ನು ನೋಡಿಕೊಂಡು ಸಂಜೆಯ ಖರೀದಿ ಮಾಡುವ ಅವಕಾಶವನ್ನು ನನ್ನ ಪ್ರೋಗ್ರಾಂ ತಾನಾಗಿಯೇ ಪಡೆದಿತ್ತು. ಮರುದಿನದ ನಮ್ಮ ಧಾರಣೆ ಆ ಬೆಲೆಯನ್ನೇ ಅನುಸರಿಸುವುದರಿಂದ ಲಾಭ ಬಾರದೆ ಇನ್ನೇನಾದೀತು? ಗಣಿತದಲ್ಲಿ ತಪ್ಪಿರಲಿಲ್ಲ, ಕೋಡ್ ಕೂಡ ಎಲ್ಲಿಯೂ ನಿಲ್ಲದೆ ಓಡಿತ್ತು. ಅದಕ್ಕೇ ಈ ಬಗೆಯ ತಪ್ಪಿಗೆ ನಾನು ಬಹಳ ಹೆದರುತ್ತೇನೆ.

ಪ್ರತಿಯೊಂದು ಬೆಲೆಯ ಪಕ್ಕದಲ್ಲಿ ಅದು ನಮ್ಮ ಕೈಗೆ ಸಿಗುವ ಗಳಿಗೆಯನ್ನೂ ಬರೆದು, ಎಲ್ಲ ಸಮಯವನ್ನೂ ಭಾರತೀಯ ಕಾಲಮಾನಕ್ಕೆ ತಂದು, ಖರೀದಿಯ ಗಳಿಗೆಗಿಂತ ಹಿಂದಿನ ಬೆಲೆಯನ್ನು ಮಾತ್ರ ಹುಡುಕಿ ಜೋಡಿಸುವಂತೆ ಕೋಡ್ ತಿದ್ದಿದೆ. ಲಾಭ ಹತ್ತರಲ್ಲಿ ಐದಕ್ಕಿಳಿಯಿತು. ಸಾಗಣೆ, ಹಮಾಲಿ, ದಲ್ಲಾಳಿ ಖರ್ಚು ಕಳೆದರೆ ನಷ್ಟ. ಒಂದು ತಿಂಗಳ ವಾಯಿದೆ ಮುಗಿದು ಮುಂದಿನದಕ್ಕೆ ಹೋಗುವಾಗ ಎರಡು ಕರಾರುಗಳ ಬೆಲೆಯ ವ್ಯತ್ಯಾಸದಿಂದ ಕಾಣುವ ಹುಸಿ ಜಿಗಿತವನ್ನೂ ಆಗಲೇ ಸರಿಪಡಿಸಿದೆ.

ಆ ನಿಯಮವನ್ನು ಕೈಬಿಟ್ಟೆವು. ಆದರೆ ತಿದ್ದಿದ ಪಟ್ಟಿ ಬೇರೊಂದು ಕೆಲಸಕ್ಕೆ ಬಂತು. ನ್ಯೂಯಾರ್ಕ್ ಪೇಟೆಯ ಒಂದು ಲಾಟ್ (ಒಂದು ಕರಾರಿನ ಪ್ರಮಾಣ) 37,500 ಪೌಂಡ್, ಅಂದರೆ ಸುಮಾರು 17 ಟನ್. ಒಂದು ಮೂಟೆ ಪಾರ್ಚ್‌ಮೆಂಟಿನಿಂದ 40 ಕೆ.ಜಿ. ಬೀಜ ಬರುತ್ತದೆಂದರೆ ಸುಮಾರು 425 ಮೂಟೆಗೆ ಒಂದು ಲಾಟ್ ಆಗುತ್ತದೆ. ಗೋದಾಮಿನಲ್ಲಿರುವ ಸರಕಿನ ಬೆಲೆ ಕುಸಿದರೆ ಆ ನಷ್ಟವನ್ನು ವಾಯಿದೆಯ ಲಾಭ ತುಂಬಿಕೊಡಲೆಂದು ಅಲ್ಲಿ ಮುಂಗಡವಾಗಿ ಎಷ್ಟು ಲಾಟ್ ಮಾರಿಡಬೇಕು ಎಂಬುದನ್ನು ಈಗ ಆ ಪಟ್ಟಿಯಿಂದಲೇ ಲೆಕ್ಕ ಹಾಕುತ್ತೇವೆ. ಹಿರಿಯರು ವಾರಕ್ಕೊಮ್ಮೆ ಬಂದು ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ಎಷ್ಟು ಗಂಟೆಗೆ ಗೊತ್ತಾದದ್ದು ಎಂದು ಕೇಳುತ್ತಾರೆ.