ಫ್ರಾಂಕೆಲ್ ಊರಿಗೆ ಹೋಗುವುದಾದರೆ ಅಲಾರಂ ಇಟ್ಟುಕೊಳ್ಳಿ

"ಒಂದೂವರೆ ನಿಮಿಷಕ್ಕೆ ಇಷ್ಟು ದೂರ ಬಂದ್ವಾ ರೀ?"

ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನ ರೋಲಿ ಮೈಲ್ ಮೈದಾನದಲ್ಲಿ 2000 ಗಿನೀಸ್ ಅನ್ನುವ ದೊಡ್ಡ ಕುದುರೆ ಓಟ ಮುಗಿದ ಕೂಡಲೇ ನನ್ನ ಹೆಂಡತಿ ಕೇಳಿದ್ದು ಇದು. ನಾನು ಸುಮ್ಮನಿದ್ದೆ. ಮೂರು ದಿನ ಬಿಟ್ಟು, ಬೆಳಗಿನ ಜಾವ, ಒಂದು ಗುಡ್ಡದ ಮೇಲೆ ಮೂಗು ಸೋರಿಸಿಕೊಂಡು ನಿಂತಿದ್ದಾಗ ಅವಳೇ ಆ ಮಾತು ವಾಪಸ್ ತೆಗೆದುಕೊಂಡಳು. ನೀವು ಹೋಗುವುದಾದರೆ ನಮ್ಮ ತರಹ ಹಿಂದುಮುಂದು ಮಾಡಿಕೊಳ್ಳಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗಿನ ರೇಸ್‌ಕೋರ್ಸಿಗೆ ಅಪ್ಪನ ಸ್ಕೂಟರಿನಲ್ಲಿ ಹೋಗುತ್ತಿದ್ದ ಕಾಲದಿಂದ ನನಗೆ ಕುದುರೆ ಹುಚ್ಚು. ದುಡ್ಡು ಕಟ್ಟುವ ಹುಚ್ಚಲ್ಲ, ನೋಡುವ ಹುಚ್ಚು. 2011ರ ಗಿನೀಸ್ ಓಟದ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಫ್ರಾಂಕೆಲ್ ಅನ್ನುವ ಆ ಕಂದು ಗಂಡುಕುದುರೆ ಗೇಟು ತೆರೆದ ತಕ್ಷಣ ಹೊರಟಿತು ನೋಡಿ, ಅರ್ಧ ದಾರಿಗೆ ಉಳಿದವೆಲ್ಲ ಸುಮಾರು ಹದಿನೈದು ಕುದುರೆಯುದ್ದ ಹಿಂದೆ. ಗೆದ್ದದ್ದು ಆರು ಉದ್ದದ ಅಂತರದಲ್ಲಿ, 1 ನಿಮಿಷ 37.30 ಸೆಕೆಂಡಿನಲ್ಲಿ. ಅದು ಓಡಿದ್ದು ಒಟ್ಟು 14 ಓಟ, ಗೆದ್ದದ್ದೂ 14. ಅಷ್ಟರಲ್ಲೂ ಮೇಲೆ ಕೂತಿದ್ದ ಜಾಕಿ ಒಬ್ಬನೇ, ಟಾಮ್ ಕ್ವೀಲಿ. ಕುದುರೆಗಳಿಗೆ ಅಂಕ ಕೊಡುವ ಟೈಮ್‌ಫಾರ್ಮ್ ಅದಕ್ಕೆ 147 ಕೊಟ್ಟಿತು. ಅದಕ್ಕೂ ಮುಂಚೆ ಸೀ ಬರ್ಡ್ ಅನ್ನುವ ಕುದುರೆಯ 145 ಎಲ್ಲಕ್ಕಿಂತ ಮೇಲಿತ್ತು.

ಬರೀ ರೇಸ್ ನೋಡಬೇಕಾದರೆ ಇಂಗ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಫ್ರಾಂಕೆಲ್ ತಯಾರಾಗಿದ್ದು ಮಾತ್ರ ಸಫೊಕ್ ಜಿಲ್ಲೆಯ ನ್ಯೂಮಾರ್ಕೆಟ್‌ನಲ್ಲಿ. ಈ ಸಣ್ಣ ಊರಿನಲ್ಲಿ ಸುಮಾರು ಮೂರು ಸಾವಿರ ರೇಸ್ ಕುದುರೆಗಳಿವೆ. ಮನೆ ಪಕ್ಕದಲ್ಲಿ ಲಾಯ, ಲಾಯದ ಪಕ್ಕದಲ್ಲಿ ಅಂಗಡಿ.

ಹೋಗುವುದು ಸುಲಭ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಕೇಂಬ್ರಿಡ್ಜ್‌ಗೆ ಒಂದು ಗಂಟೆಯೊಳಗೆ ಮುಟ್ಟಿಸುವ ರೈಲಿದೆ. ಅಲ್ಲಿ ರೈಲು ಬದಲಿಸಿದರೆ ಇಪ್ಪತ್ತು ನಿಮಿಷಕ್ಕೆ ನ್ಯೂಮಾರ್ಕೆಟ್. ಸ್ಟೇಷನ್ ಅಂದರೆ ಒಂದು ಪ್ಲಾಟ್‌ಫಾರಂ ಅಷ್ಟೇ. ರೈಲು ಗಂಟೆಗೊಂದು, ತಪ್ಪಿದರೆ ಕಾಯಬೇಕು.

ನಮ್ಮ ತಪ್ಪು ಶುರುವಾಗಿದ್ದು ರೂಮಿನಿಂದ. ಗಿನೀಸ್ ಓಟ ಮೇ ತಿಂಗಳ ಮೊದಲ ಶನಿವಾರದ ಆಸುಪಾಸಿಗೆ ಬರುತ್ತದೆ. ಮರುದಿನ ಹೆಣ್ಣು ಕುದುರೆಗಳ 1000 ಗಿನೀಸ್. ಆ ವಾರಾಂತ್ಯಕ್ಕೆ ಎಷ್ಟೋ ಸಲ ಸೋಮವಾರದ ಸರ್ಕಾರಿ ರಜೆಯೂ ಸೇರಿಕೊಳ್ಳುತ್ತದೆ. ಆಗ ಊರಿನೊಳಗಿನ ರೂಮಿನ ಬೆಲೆ ಕೇಳುವ ಹಾಗಿಲ್ಲ. ಜಾಣತನ ಅಂದುಕೊಂಡು ಕೇಂಬ್ರಿಡ್ಜ್‌ನಲ್ಲಿ ಉಳಿದೆವು. ರೇಸಿನ ದಿನಕ್ಕೆ ಅದು ಸರಿಹೋಯಿತು. ಬೆಳಗಿನ ಕುದುರೆಗಳನ್ನು ನೋಡಲು ಸೋಮವಾರ ಐದು ಗಂಟೆಗೆ ಟ್ಯಾಕ್ಸಿ ಹೇಳಿದ್ದೆವು. ಬರಲೇ ಇಲ್ಲ. ಫೋನ್ ಎತ್ತುವವರೂ ಇಲ್ಲ. ರೈಲು ಹಿಡಿದು ತಲುಪುವಷ್ಟರಲ್ಲಿ ಒಂಬತ್ತು ದಾಟಿತ್ತು. ಕೊನೆಯ ಒಂದೆರಡು ಸಾಲು ಕುದುರೆ ಕಂಡವು, ಅಷ್ಟೇ. ಅವತ್ತೇ ಸಂಜೆ ಗಂಟುಮೂಟೆ ಕಟ್ಟಿಕೊಂಡು ನ್ಯೂಮಾರ್ಕೆಟ್ಟಿನ ಒಂದು ಸಣ್ಣ ಲಾಡ್ಜಿಗೆ ಬಂದೆವು. ರಜೆ ಮುಗಿದಿತ್ತು, ಬಾಡಿಗೆಯೂ ಇಳಿದಿತ್ತು. ಆದ್ದರಿಂದ ಹೇಳುತ್ತೇನೆ, ರೇಸ್ ದಿನ ಎಲ್ಲಾದರೂ ಇರಿ, ವಾರದ ಮಧ್ಯದಲ್ಲಿ ಒಂದು ರಾತ್ರಿ ಮಾತ್ರ ನ್ಯೂಮಾರ್ಕೆಟ್‌ನಲ್ಲೇ ಮಲಗಿ. ಭಾನುವಾರ ಬೆಳಿಗ್ಗೆ ನಂಬಿಕೊಂಡು ಹೋಗಬೇಡಿ, ಹೆಚ್ಚಿನ ಲಾಯಗಳಿಗೆ ಅವತ್ತು ಬಿಡುವು.

ಇನ್ನು ರೇಸಿನ ದಿನ. ರೋಲಿ ಮೈಲ್ ಅಂದರೆ ನೆಟ್ಟಗಿನ ಹಾದಿ. ಎರಡನೇ ಚಾರ್ಲ್ಸ್ ದೊರೆಯ 'ಓಲ್ಡ್ ರೋಲಿ' ಅನ್ನುವ ಅಡ್ಡಹೆಸರಿನಿಂದ ಬಂದ ಹೆಸರು. ಮೈಸೂರು, ಬೆಂಗಳೂರಿನಲ್ಲಿ ಕುದುರೆಗಳು ತಿರುವು ಸುತ್ತಿ ಬರುವುದನ್ನು ನೋಡಿದವರಿಗೆ ಇಲ್ಲಿ ಮೊದಲು ಏನೂ ತಿಳಿಯುವುದಿಲ್ಲ. ಒಂದು ಮೈಲಿ ದೂರದಿಂದ ನಮ್ಮ ಕಡೆಗೇ ಓಡಿ ಬರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಗೊತ್ತಾಗುವುದು ಕೊನೆಯ ಇನ್ನೂರು ಮುನ್ನೂರು ಮೀಟರಿನಲ್ಲಿ. ಅಲ್ಲಿಯವರೆಗೆ ದೊಡ್ಡ ಪರದೆಯೇ ಗತಿ.

ಹಾಗಾಗಿ ಸ್ಟ್ಯಾಂಡಿನಲ್ಲಿ ಜಾಗ ಹಿಡಿಯಲು ಒದ್ದಾಡಬೇಡಿ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಪೆರೇಡ್ ರಿಂಗಿನ ಬೇಲಿಗೆ ಆತುಕೊಂಡು ನಿಂತುಕೊಳ್ಳಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೋಗುತ್ತವೆ (ಚಾಚಬೇಡಿ). ಯಾವುದಕ್ಕೆ ಕತ್ತು ಬೆವರಿದೆ, ಯಾವುದು ಕಿವಿ ಹಿಂದಕ್ಕೆ ಒತ್ತಿಕೊಂಡಿದೆ, ಯಾವುದು ನಿದ್ದೆಗಣ್ಣಿನಲ್ಲಿರುವ ಹಾಗೆ ಆರಾಮಾಗಿ ನಡೆಯುತ್ತಿದೆ, ಎಲ್ಲ ಕಾಣುತ್ತದೆ. ದೂರವನ್ನು ಫರ್ಲಾಂಗಿನಲ್ಲಿ ಹೇಳುತ್ತಾರೆ, ಎಂಟು ಫರ್ಲಾಂಗಿಗೆ ಒಂದು ಮೈಲಿ. ನಮ್ಮಜ್ಜಂದಿರು ಊರಿನ ದೂರ ಹೇಳುತ್ತಿದ್ದದ್ದೂ ಫರ್ಲಾಂಗಿನಲ್ಲೇ ಅಲ್ವಾ? ತೂಕ ಸ್ಟೋನಿನಲ್ಲಿ. 2011ರ ಗಿನೀಸ್‌ನಲ್ಲಿ ಫ್ರಾಂಕೆಲ್ ಹೊತ್ತ 9 ಸ್ಟೋನ್ ಅಂದರೆ ಸುಮಾರು 57 ಕೆಜಿ.

ಬಾಜಿ ಕಟ್ಟುವುದು ನಿಮ್ಮಿಷ್ಟ. ಬುಕ್ಕಿಗಳು ಬೋರ್ಡು ಹಚ್ಚಿಕೊಂಡು ಸಾಲಾಗಿ ನಿಂತಿರುತ್ತಾರೆ, ಎಲ್ಲ ಕಾನೂನುಬದ್ಧ. 5/1 ಅಂದರೆ ಒಂದು ಪೌಂಡಿಗೆ ಐದು ಲಾಭ. 1/2 ಅಂದರೆ ಎರಡು ಪೌಂಡ್ ಕಟ್ಟಿದವರಿಗೆ ಒಂದೇ ಲಾಭ. ಫ್ರಾಂಕೆಲ್ ಗಿನೀಸ್ ಓಡಿದಾಗ ಬೆಲೆ 1/2 ಇತ್ತು. ಮರುವರ್ಷ ರಾಯಲ್ ಆಸ್ಕಟ್ ಅನ್ನುವ ಜೂನ್ ತಿಂಗಳ ರೇಸ್ ಕೂಟದಲ್ಲಿ 1/10ಕ್ಕೆ ಇಳಿಯಿತು. ಹತ್ತು ಪೌಂಡ್ ಹಾಕಿ ಒಂದು ಪೌಂಡ್ ಗೆಲ್ಲಲು ಜನ ತಯಾರಿದ್ದರು! ಅವತ್ತು ಅದು ಗೆದ್ದದ್ದು ಹನ್ನೊಂದು ಉದ್ದದಿಂದ. ನಾವು ಹೋದ ದಿನ ನಾನು ಐದು ಪೌಂಡ್ ಹಾಕಿ ಕಳೆದುಕೊಂಡೆ. ಹೆಂಡತಿ ಜಾಕಿಯ ಅಂಗಿ ಬಣ್ಣ ನೋಡಿ ಹಾಕಿ ಹನ್ನೆರಡು ಪೌಂಡ್ ಗೆದ್ದಳು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಬಟ್ಟೆ ಬೆಚ್ಚಗಿರಲಿ. ಮೇ ತಿಂಗಳಲ್ಲೂ ಆ ಬಯಲಿನಲ್ಲಿ ಬೀಸುವ ಗಾಳಿ ಸ್ವೆಟರ್ ದಾಟಿ ಒಳಗೆ ಬರುತ್ತದೆ. ಊಟಕ್ಕೆ ಊರಿನ ಹೆಮ್ಮೆ ನ್ಯೂಮಾರ್ಕೆಟ್ ಸಾಸೇಜ್, ಹಂದಿಮಾಂಸದ್ದು. ಸಸ್ಯಾಹಾರಿಗಳಿಗೆ ಸುಟ್ಟ ಆಲೂಗಡ್ಡೆ ಮೇಲೆ ಬೀನ್ಸ್. ಚಟ್ನಿಪುಡಿ ಡಬ್ಬಿ ಬ್ಯಾಗಲ್ಲಿರಲಿ.

ಈಗ ಮಂಗಳವಾರ ಬೆಳಿಗ್ಗೆಗೆ ಬರುತ್ತೇನೆ. ಐದೂಕಾಲಿಗೆ ಹೊರಟು ಮೋಲ್ಟನ್ ರಸ್ತೆಯಲ್ಲಿ ನಡೆದೆವು. ಎಡಕ್ಕೆ ವಾರನ್ ಹಿಲ್, ಹುಲ್ಲಿನ ಏರು. ರಸ್ತೆ ದಾಟುವ ಕಡೆ ಕುದುರೆಗಳಿಗೇ ಸಿಗ್ನಲ್ ಇದೆ. ಗುಂಡಿಯನ್ನು ಸವಾರರಿಗೆ ಎಟುಕುವಷ್ಟು ಎತ್ತರದಲ್ಲಿ ಇಟ್ಟಿದ್ದಾರೆ. ಒಬ್ಬ ಹುಡುಗ ಬಗ್ಗಿ ಒತ್ತಿದ. ಕಾರುಗಳು ನಿಂತವು. ಇಪ್ಪತ್ತು ಕುದುರೆಗಳ ಸಾಲು ಟಕ್ ಟಕ್ ಅಂತ ದಾಟಿತು, ಮೈಯಿಂದ ಹಬೆ ಏಳುತ್ತಿತ್ತು.

ಹೆಂಡತಿಯ ದುಪಟ್ಟಾ ಗಾಳಿಗೆ ಪಟಪಟ ಅಂದಿತು. ಹತ್ತಿರದ ಎಳೇ ಕುದುರೆ ಅಡ್ಡಕ್ಕೆ ಜಿಗಿಯಿತು. ಮೇಲಿದ್ದವ ಬೈಯಲಿಲ್ಲ. "ದೀದಿ, ಚುನ್ನಿ ಪಕಡಿಯೇ" ಅಂದ! ಇಬ್ಬರಿಗೂ ಅರೆಕ್ಷಣ ತಿಳಿಯಲಿಲ್ಲ. ಆಮೇಲೆ ಗಮನಿಸಿದರೆ ಆ ಸಾಲಿನಲ್ಲಿ ನಮ್ಮ ದೇಶದ ಮುಖಗಳು ಎಷ್ಟೊಂದು. ನ್ಯೂಮಾರ್ಕೆಟ್ ಲಾಯಗಳಲ್ಲಿ ಭಾರತದ ಸವಾರರು, ಸಾಯಿಸರು ಬಹಳ ಜನ ಇದ್ದಾರೆ. ಫ್ರಾಂಕೆಲ್‌ನನ್ನು ನೋಡಿಕೊಂಡ ಸಾಯಿಸ್ ಕೂಡ ಭಾರತದವರೇ, ಸಂದೀಪ್ ಗೌರವರಂ. ದುಪಟ್ಟಾ, ಛತ್ರಿ, ಹಾರುವ ಪ್ಲಾಸ್ಟಿಕ್ ಕವರು ಯಾವುದೂ ಬೇಡ. ಕುದುರೆ ದಾರಿಯಲ್ಲಿ ನಿಲ್ಲಬೇಡಿ. ಮಧ್ಯಾಹ್ನ ಒಂದರವರೆಗೆ ಆ ಬಯಲು ಕುದುರೆಗಳದ್ದು, ಆಮೇಲೆ ನಾವೂ ಹುಲ್ಲಿನ ಮೇಲೆ ಓಡಾಡಬಹುದು.

ಗುಡ್ಡದ ಮೇಲ್ತುದಿಯ ಹತ್ತಿರ ಹೋಗಿ ನಿಂತುಕೊಳ್ಳಿ. ಕೆಳಗಿನಿಂದ ಎರಡೆರಡೇ ಏರಿ ಬರುತ್ತವೆ. ಮೊದಲು ಕೇಳುವುದು ಗೊರಸಿನ ಸದ್ದಲ್ಲ, ಉಸಿರು. ಕುದುರೆ ಓಡುವಾಗ ಒಂದು ನೆಗೆತಕ್ಕೆ ಒಂದೇ ಉಸಿರು. ಫುಸ್, ಫುಸ್, ಫುಸ್ ಅಂತ ಹಳೇ ರೈಲು ಎಂಜಿನ್ ಬಂದ ಹಾಗೆ. ನಮ್ಮ ಮುಂದೆ ಹಾದುಹೋಗುವಾಗ ಕಾಲಡಿಯ ನೆಲ ಸಣ್ಣಗೆ ಅದುರಿತು. ಮೇಲೆ ನಿಲ್ಲಿಸಿ, ತಿರುಗಿಸಿ, ಲಗಾಮು ಸಡಿಲ ಬಿಟ್ಟು ನಡೆಸಿಕೊಂಡು ಹೋದರು. ಒಂದು ತಂಡ ಮುಗಿಯುತ್ತಲೇ ಇನ್ನೊಂದು. ಗಂಟೆ ಎಂಟಾಗಿದ್ದೇ ತಿಳಿಯಲಿಲ್ಲ. "ಶನಿವಾರ ಹೇಳಿದ್ದು ಬಿಟ್ಟುಬಿಡಿ. ನಾಳೆನೂ ಬರೋಣ ರೀ" ಅಂದಳು. ಟಿಕೆಟ್ಟಿಲ್ಲ, ಪಾಸಿಲ್ಲ, ಎಲ್ಲ ಪುಕ್ಕಟೆ.

ಫ್ರಾಂಕೆಲ್‌ನನ್ನು ತಿದ್ದಿದ್ದು ಇಲ್ಲೇ. ಅದರ ಸಮಸ್ಯೆ ವೇಗವಲ್ಲ, ತಾಳ್ಮೆ. ಹೊರಟ ಕೂಡಲೇ ಪೂರಾ ಶಕ್ತಿ ಸುರಿಯುವ ಸ್ವಭಾವ. ಟ್ರೇನರ್ ಹೆನ್ರಿ ಸೆಸಿಲ್ ಮತ್ತು ಬೆಳಗಿನ ಸವಾರ ದಿನವೂ ಕಲಿಸಿದ್ದು ಒಂದೇ ಪಾಠ, ನಿಧಾನ. ಜೊತೆಗೆ ಓಡಲು ಒಂದೇ ತಾಯಿಯ ಅಣ್ಣ ಬುಲೆಟ್ ಟ್ರೇನ್‌ನನ್ನು ಬಿಡುತ್ತಿದ್ದರು. ಸೆಸಿಲ್‌ಗೆ ಆಗಲೇ ಕ್ಯಾನ್ಸರ್. 2012ರ ಅಕ್ಟೋಬರ್ 20ರಂದು ಆಸ್ಕಟ್‌ನ ಕೆಸರು ನೆಲದಲ್ಲಿ ಫ್ರಾಂಕೆಲ್ ಕೊನೆಯ ಓಟ ಗೆದ್ದಿತು, ಅದೂ ಗೇಟಿನಲ್ಲಿ ತಡವಾಗಿ ಹೊರಟು. ಎಂಟು ತಿಂಗಳೊಳಗೆ ಸೆಸಿಲ್ ತೀರಿಕೊಂಡರು. ಅವರ ಲಾಯ ವಾರನ್ ಪ್ಲೇಸ್ ಇದೇ ಗುಡ್ಡದ ನೆತ್ತಿಯಲ್ಲಿದೆ. ಖಾಸಗಿ ಜಾಗ, ಗೇಟಿನ ಮುಂದೆ ನಿಂತು ಫೋಟೋಗೆ ಕಾಯಬೇಡಿ.

ಫ್ರಾಂಕೆಲ್‌ನನ್ನೇ ನೋಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಟ್ಟಿರುವುದು ಊರಿಗೆ ಹತ್ತಿರದ ಬ್ಯಾನ್‌ಸ್ಟೆಡ್ ಮ್ಯಾನರ್ ಸ್ಟಡ್‌ನಲ್ಲಿ, ಅಂದರೆ ಕುದುರೆ ಮರಿ ಮಾಡಿಸುವ ಫಾರ್ಮಿನಲ್ಲಿ. ಅಲ್ಲಿಗೆ ಸುಮ್ನೆ ಹೋಗಿ ಬೆಲ್ ಒತ್ತುವ ಹಾಗಿಲ್ಲ. ಗೈಡ್ ಜೊತೆ ಹೋಗುವ ಟೂರ್ ಇದ್ದಾಗ ಮೊದಲೇ ಬುಕ್ ಮಾಡಿಕೊಳ್ಳಬೇಕು. ನಾವು ತಡ ಮಾಡಿದೆವು, ಜಾಗ ಸಿಗಲಿಲ್ಲ. ವೀಸಾಕ್ಕೆ ಅರ್ಜಿ ಹಾಕುವ ಮುಂಚೆಯೇ ಇದನ್ನು ವಿಚಾರಿಸಿ. 2024ರಲ್ಲಿ ಒಂದು ಹೆಣ್ಣು ಕುದುರೆಗೆ ಅದನ್ನು ಕೂಡಿಸಲು ಶುಲ್ಕ 3,50,000 ಪೌಂಡ್, ನಮ್ಮ ಲೆಕ್ಕದಲ್ಲಿ ಮೂರೂವರೆ ಕೋಟಿಗೂ ಜಾಸ್ತಿ. ಥರೋಬ್ರೆಡ್ ಅನ್ನುವ ಈ ರೇಸ್ ಕುದುರೆ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ, ಹೆಣ್ಣು ಕುದುರೆ ಇಲ್ಲಿಗೇ ಬರಬೇಕು. 2021ರ ಡರ್ಬಿ ಗೆದ್ದ ಅದಾಯರ್ ಇದರ ಮಗ.

ಅದರ ಬದಲಿಗೆ ನ್ಯಾಷನಲ್ ಸ್ಟಡ್‌ಗೆ ಹೋದೆವು. ಅಲ್ಲಿ ಜನರಿಗಾಗಿಯೇ ಟೂರ್ ಇದೆ. ಕುಣಿಗಲ್ ಸ್ಟಡ್ ಫಾರ್ಮನ್ನು ಹೈವೇಯಿಂದ ಇಣುಕಿ ನೋಡಿದವರಿಗೆ ಒಳಗೇನಿರುತ್ತದೆ ಅಂತ ಇಲ್ಲಿ ತಿಳಿಯುತ್ತದೆ. ಏಪ್ರಿಲ್, ಮೇ ಆದರೆ ತಾಯಂದಿರ ಹೊಟ್ಟೆಯಡಿ ಮರಿಗಳು, ಮೈಗಿಂತ ಕಾಲೇ ಉದ್ದ. ಮಧ್ಯಾಹ್ನ ಮಳೆ ಬಂದರೆ ಪ್ಯಾಲೇಸ್ ಹೌಸ್ ಮ್ಯೂಸಿಯಂ, ಎರಡು ಗಂಟೆ ಸಾಕು.

ಜೂನ್‌ನಲ್ಲಿ ಹೋಗುವವರು ರಾಯಲ್ ಆಸ್ಕಟ್ ಸೇರಿಸಿಕೊಳ್ಳಬಹುದು. ವಾಟರ್‌ಲೂನಿಂದ ರೈಲು, ಒಂದು ಗಂಟೆ ದಾರಿ. ಗಂಡಸರಿಗೆ ಸೂಟು ಟೈ, ಹೆಂಗಸರಿಗೆ ಟೋಪಿ ಅಂತ ಒಳ್ಳೊಳ್ಳೆಯ ಜಾಗಗಳಲ್ಲಿ ಕಟ್ಟುನಿಟ್ಟು. ಹೊರದೇಶದವರು ತಮ್ಮ ದೇಶದ ಸಮಾರಂಭದ ಉಡುಪಿನಲ್ಲಿ ಬಂದರೆ ಅಡ್ಡಿಯಿಲ್ಲ. ಮೈಸೂರು ರೇಷ್ಮೆ ಸೀರೆ ಮಡಿಸಿಟ್ಟುಕೊಳ್ಳಿ.

ನಮಗೆ ತಪ್ಪಿದ್ದು ನ್ಯೂಮಾರ್ಕೆಟ್ಟಿನ ಇನ್ನೊಂದು ರೇಸ್ ಮೈದಾನ, ಜುಲೈ ಕೋರ್ಸ್. ರೋಲಿ ಮೈಲ್ ವಸಂತಕ್ಕೆ ಮತ್ತು ಶರತ್ಕಾಲಕ್ಕೆ, ನಡುವಿನ ಬೇಸಿಗೆಗೆ ಇದು. ಎರಡರ ಮಧ್ಯೆ ಡೆವಿಲ್ಸ್ ಡೈಕ್ ಅನ್ನುವ ಹಳೇ ಮಣ್ಣಿನ ಏರಿ. 2010ರ ಆಗಸ್ಟ್ 13ರಂದು ಫ್ರಾಂಕೆಲ್ ಮೊದಲ ಸಲ ಓಡಿದ್ದು ಈ ಜುಲೈ ಕೋರ್ಸ್‌ನಲ್ಲೇ. ಗೆದ್ದದ್ದು ಬರೀ ಅರ್ಧ ಉದ್ದದಿಂದ, ಎರಡನೆಯದು ನಥಾನಿಯಲ್. ಕೊನೇ ದಿನ ಏರಿ ಮೇಲೆ ನಡೆದು ಹೋದೆವು. ಅಲ್ಲಿ ಇನ್ನೂ ಸೀಸನ್ ಶುರುವಾಗಿರಲಿಲ್ಲ. ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಒಂದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ಬೇಲಿಯಾಚೆಯಿಂದ ನೋಡಿಕೊಂಡು, ಬ್ಯಾಗಲ್ಲಿದ್ದ ಚಪಾತಿ ತಿಂದು, ಮೂರರ ರೈಲು ಹಿಡಿದೆವು.