ನಿಧಾನವಾಗಿ ಮರಳಿದ ಪಾದ

ರಾತ್ರಿ ಕೈಬೆರಳುಗಳಿಗೆ ಜೋಮು ಹಿಡಿಯುವುದಕ್ಕೂ ಮಲಬದ್ಧತೆಗೂ, ದನಿ ದಪ್ಪವಾಗುವುದಕ್ಕೂ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುವುದಕ್ಕೂ ನಂಟಿರಬಹುದೆಂದು ಯಾರಿಗೆ ತಾನೆ ಅನ್ನಿಸೀತು? ಜೋಮಿಗೆ ಕಂಪ್ಯೂಟರಿನ ಮುಂದಿನ ಕೆಲಸ, ಮಲಬದ್ಧತೆಗೆ ನೀರು ಸಾಲದಿರುವುದು, ದನಿಗೆ ನೆಗಡಿ, ಕೊಲೆಸ್ಟ್ರಾಲಿಗೆ ವಯಸ್ಸು ಎಂದು ಪ್ರತಿಯೊಂದು ತೊಂದರೆಗೂ ಅದರದೇ ಆದ ಕಾರಣ ಸಿದ್ಧವಾಗಿತ್ತು, ಮತ್ತು ಅವುಗಳಲ್ಲಿ ಯಾವುದೂ ಅಸಂಬದ್ಧವಾಗಿರಲಿಲ್ಲ. ತಿಂಗಳ ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಾಗಿ ರಕ್ತಹೀನತೆ ಕಾಣಿಸಿಕೊಂಡಿದ್ದರಿಂದ ಕಬ್ಬಿಣಾಂಶದ ಮಾತ್ರೆಯೂ ನಡೆಯುತ್ತಿತ್ತು. ಸುಸ್ತಿನ ಹೊಣೆಯನ್ನು ಆ ರಕ್ತಹೀನತೆಯೇ ಹೊತ್ತುಕೊಂಡಿತು. ಉಳಿದವರೆಲ್ಲ ಸೆಕೆಯೆಂದು ಕಿಟಕಿ ತೆರೆಯುವ ಹೊತ್ತಿನಲ್ಲಿ ನಾನೊಬ್ಬಳೇ ಶಾಲು ಹೊದ್ದು ಕೂರುತ್ತಿದ್ದುದಕ್ಕೆ ಮಾತ್ರ ಯಾರ ಬಳಿಯೂ ಕಾರಣವಿರಲಿಲ್ಲ.

ಬಹಳ ತಿಂಗಳ ಮೇಲೆ ಮನೆಗೆ ಬಂದ ಅಕ್ಕ, ಚಪ್ಪಲಿ ಬಿಡುವ ಮೊದಲೇ, "ಮುಖ ಯಾಕೆ ಹೀಗೆ ಊದಿಕೊಂಡಿದೆ? ಹುಬ್ಬಿನ ತುದಿ ಎಲ್ಲಿ ಹೋಯಿತೇ ನಿಂದು?" ಎಂದಳು. ಇಷ್ಟಿಷ್ಟಾಗಿ ಬರುವ ಕಾಯಿಲೆಯನ್ನು ದಿನವೂ ನೋಡುವವರು ಗುರುತಿಸುವುದು ಕಷ್ಟ. ದೂರವಿದ್ದು ಬಂದವರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಮರುದಿನ ಅವಳೇ ನನ್ನನ್ನು ಒಬ್ಬ ಹಿರಿಯ ಡಾಕ್ಟರ ಬಳಿಗೆ ಕರೆದೊಯ್ದಳು.

ಅವರು ನಾಡಿ ಹಿಡಿದು ನೋಡಿದರು; ನಿಮಿಷಕ್ಕೆ 54 ಇತ್ತು. ನನ್ನ ಬೆನ್ನ ಹಿಂದೆ ನಿಂತು ಕುತ್ತಿಗೆಯ ಮುಂಭಾಗದ ಮೇಲೆ ಬೆರಳುಗಳನ್ನಿಟ್ಟು, ಒಂದು ಗುಟುಕು ನೀರು ನುಂಗಲು ಹೇಳಿದರು. ಥೈರಾಯ್ಡ್ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗುವಾಗ ಅದೂ ಮೇಲೆದ್ದು ಇಳಿಯುತ್ತದೆ, ಬೆರಳಿಗೆ ಸಿಗುತ್ತದೆ. ಆಮೇಲೆ, "ಕುರ್ಚಿಯ ಮೇಲೆ ಮಂಡಿಯೂರಿ ಅಮ್ಮ, ಪಾದ ಹೊರಗೆ ಇಳಿಬಿಡಿ" ಎಂದರು. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಪಟ್ಟಿಗೆ ರಬ್ಬರ್ ಸುತ್ತಿಗೆಯಿಂದ ಸಣ್ಣ ಪೆಟ್ಟು ಬಿತ್ತು. ನನಗೆ ನನ್ನ ಪಾದ ಕಾಣುವಂತಿರಲಿಲ್ಲವಾದ್ದರಿಂದ ಅಕ್ಕ ಫೋನಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡಳು. ಹೋಲಿಕೆಗೆ ಬೇಕೆಂದು ಅವಳನ್ನೂ ಅದೇ ಕುರ್ಚಿಗೆ ಹತ್ತಿಸಿ ಅದೇ ಪೆಟ್ಟು ಕೊಟ್ಟರು. ಅವಳ ಪಾದ ಝಟ್ಟನೆ ಜಿಗಿದು, ಅಷ್ಟೇ ಬೇಗ ಮರಳಿ ತನ್ನ ಜಾಗಕ್ಕೆ ಬಂತು. ನನ್ನದು ಹೆಚ್ಚುಕಡಿಮೆ ಹಾಗೆಯೇ ಜಿಗಿಯಿತು. ಆದರೆ ಹಿಂದಿರುಗುವಾಗ, ತಾನಾಗಿಯೇ ಮುಚ್ಚಿಕೊಳ್ಳುವ ಆಸ್ಪತ್ರೆಯ ಬಾಗಿಲು ಕೊನೆಯ ಒಂದು ಗೇಣನ್ನು ಕ್ರಮಿಸುವ ಹಾಗೆ, ತಡೆತಡೆದು ಬಂತು. "ರಕ್ತಪರೀಕ್ಷೆ ಮಾಡಿಸೋಣ, ಆದರೆ ಏನು ಬರುತ್ತದೆಂದು ಈಗಲೇ ಹೇಳಬಲ್ಲೆ" ಎಂದರು ಡಾಕ್ಟರು.

ಆ ಪಾದದ ತಡವರಿಕೆಯಲ್ಲಿ ಇಡೀ ಕಾಯಿಲೆಯ, ಅಂದರೆ ಥೈರಾಯ್ಡ್ ಹಾರ್ಮೋನಿನ ಕೊರತೆಯ, ಸ್ವರೂಪವಿದೆ ಎಂಬುದು ಅವರು ವಿವರಿಸಿದ ಮೇಲೆ ಅರ್ಥವಾಯಿತು. ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾದಾಗ ಸ್ನಾಯು ಸಂಕುಚಿಸುತ್ತದೆ. ಆ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಉಗ್ರಾಣಕ್ಕೆ ಎಳೆದುಕೊಳ್ಳುವ ಪಂಪುಗಳು ಕೆಲಸ ಮಾಡಿದಾಗ ಸಡಿಲಗೊಳ್ಳುತ್ತದೆ. ಆ ಪಂಪುಗಳು ಎಷ್ಟು ತಯಾರಾಗಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಪಾತ್ರ ದೊಡ್ಡದು. ಹಾರ್ಮೋನು ಕಡಿಮೆಯಾದರೆ ಪಂಪುಗಳೂ ಕಡಿಮೆಯಾಗುತ್ತವೆ, ಬಿಗಿದ ಸ್ನಾಯು ಬಿಡಲು ತಡಮಾಡುತ್ತದೆ. ಹೃದಯದ ಸ್ನಾಯುವಿನಲ್ಲೂ ನಡೆಯುವುದು ಇದೇ ಎಂದು ಕೇಳಿದಾಗ ನಾನು ಸ್ವಲ್ಪ ಬೆದರಿದೆನೆಂದೇ ಹೇಳಬೇಕು.

ಗ್ರಂಥಿ ಹೆಚ್ಚಾಗಿ ತಯಾರಿಸುವುದು ನಾಲ್ಕು ಅಯೋಡಿನ್ ಪರಮಾಣುಗಳಿರುವ ಥೈರಾಕ್ಸಿನ್, ಅಂದರೆ ಟಿ4 ಅನ್ನು. ದೇಹದ ಅಂಗಾಂಶಗಳು ಅದರಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡಿಕೊಳ್ಳುತ್ತವೆ, ಮತ್ತು ಈ ಟಿ3 ಜೀವಕೋಶದ ಕೇಂದ್ರಕ್ಕೇ ಹೋಗಿ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂದು ಅಪ್ಪಣೆ ಕೊಡುತ್ತದೆ. ಹೀಗೆ ಬಹುತೇಕ ಎಲ್ಲ ಅಂಗಗಳಿಗೂ ಅದರ ಕೈ ಚಾಚಿರುವುದರಿಂದಲೇ ನನ್ನ ಚದುರಿದ ದೂರುಗಳು ಒಂದೇ ದಾರಕ್ಕೆ ಬಂದವು. ಚರ್ಮದಡಿ ನೀರನ್ನು ಹಿಡಿದಿಡುವ ಅಂಟು ಪದಾರ್ಥಗಳು ಶೇಖರವಾಗಿ ಮುಖ ಊದಿತ್ತು. ಇಂಥ ಊತವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದಿಲ್ಲ. ಅದೇ ಶೇಖರಣೆ ಧ್ವನಿತಂತುಗಳಲ್ಲಿ ಆದಾಗ ದನಿ ಬದಲಾಗುತ್ತದೆ, ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಆದಾಗ ಅಲ್ಲಿನ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಹೆಕ್ಕಿ ತೆಗೆಯಬೇಕಾದ ಗ್ರಾಹಕಗಳು ಯಕೃತ್ತಿನಲ್ಲಿ ಕಡಿಮೆಯಾಗಿದ್ದವು. ಆದ್ದರಿಂದಲೇ ಕೊಲೆಸ್ಟ್ರಾಲಿನ ಮಾತ್ರೆ ಸದ್ಯಕ್ಕೆ ಬೇಡ, ಥೈರಾಯ್ಡ್ ಸರಿಹೋದ ಮೇಲೆ ನೋಡೋಣ ಎಂದರು. ಕರುಳಿನ ಚಲನೆ, ಶಾಖದ ಉತ್ಪಾದನೆ, ಮುಟ್ಟು, ಇವೆಲ್ಲವೂ ಇದೇ ಪಟ್ಟಿಗೆ ಸೇರುವಂಥವು.

ವರದಿ ಬಂದಾಗ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ 40ನ್ನು ದಾಟಿತ್ತು, ಟಿ4 ಕೆಳಗಿಳಿದಿತ್ತು. ವಯಸ್ಕರಲ್ಲಿ ಟಿಎಸ್‌ಎಚ್ ಸಾಧಾರಣವಾಗಿ 0.4ರಿಂದ 4ರ ಆಸುಪಾಸಿನಲ್ಲಿರುತ್ತದೆ. ಏರಿದ ಆ ಅಂಕಿಯನ್ನು ನೋಡಿ "ಥೈರಾಯ್ಡ್ ಜಾಸ್ತಿಯಾಗಿದೆಯಂತೆ" ಎಂದು ಬಂಧುಗಳಲ್ಲಿ ಸುದ್ದಿ ಹಬ್ಬಿತು. ಆದದ್ದು ಅದಕ್ಕೆ ತದ್ವಿರುದ್ಧ. ಟಿಎಸ್‌ಎಚ್ ಹೊರಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಹಾರ್ಮೋನು ಸಾಲದೆಂದು ಕಂಡಾಗ ಪಿಟ್ಯುಟರಿ ತನ್ನ ಒತ್ತಾಯವನ್ನು ಹೆಚ್ಚಿಸುತ್ತದೆ, ಮತ್ತು ಟಿ4 ತುಸು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಜೊತೆಗೆ ನನ್ನ ರಕ್ತದಲ್ಲಿ ಗ್ರಂಥಿಯ ವಿರುದ್ಧವೇ ತಯಾರಾದ ಪ್ರತಿಕಾಯಗಳೂ ಸಿಕ್ಕವು. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆಯಿದು. ಆಹಾರದಲ್ಲಿ ಅಯೋಡಿನ್ ಸಾಕಷ್ಟಿರುವ ಕಡೆಗಳಲ್ಲಿ ಥೈರಾಯ್ಡ್ ಕುಂದುವುದಕ್ಕೆ ಬಹುಪಾಲು ಇದೇ ಕಾರಣ.

ಚಿಕಿತ್ಸೆಯ ವಿಷಯ ಹೇಳಲು ಹೆಚ್ಚೇನೂ ಇಲ್ಲ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೀವೊಥೈರಾಕ್ಸಿನ್ ಮಾತ್ರೆ, ತಿಂಡಿಗೆ ಮೊದಲು ಅರ್ಧದಿಂದ ಒಂದು ಗಂಟೆಯ ಬಿಡುವು. ಕಬ್ಬಿಣಾಂಶದ ಮಾತ್ರೆಯನ್ನು ಮಾತ್ರ ನಾಲ್ಕು ಗಂಟೆ ದೂರ ಇಡಬೇಕಾಯಿತು, ಏಕೆಂದರೆ ಅದು ಥೈರಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಇಷ್ಟು ಸಣ್ಣ ಮಾತ್ರೆಯ ಹಿಂದಿನ ಚರಿತ್ರೆ ನನಗೆ ಮಾತ್ರೆಗಿಂತ ದೊಡ್ಡದೆನಿಸಿತು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ಇದೇ ಕಾಯಿಲೆ ತೀರ ಉಲ್ಬಣಿಸಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು, ಮತ್ತು ಆಕೆ ಆಮೇಲೆ 28 ವರ್ಷ ಬಾಳಿದರು. ಶುದ್ಧ ಥೈರಾಕ್ಸಿನ್ ಅನ್ನು ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದು 1914ರಲ್ಲಿ.

ಕಾಯುವುದೇ ಕಷ್ಟವಾಯಿತು. ಟಿ4 ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಹಾಗಾಗಿ ಪ್ರಮಾಣ ಬದಲಿಸಿದಾಗಲೆಲ್ಲ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ನಿಲ್ಲುವವರೆಗೆ, ಅಂದರೆ ಆರರಿಂದ ಎಂಟು ವಾರ, ಮರುಪರೀಕ್ಷೆಗೆ ಅರ್ಥವಿಲ್ಲ. ಮೊದಲು ಹೋದದ್ದು ಮುಖದ ಊತ ಮತ್ತು ಚಳಿ. ಆಮೇಲೆ ಜೋಮು, ಮಲಬದ್ಧತೆ. ಕೊಲೆಸ್ಟ್ರಾಲ್ ಮಾತ್ರೆಯಿಲ್ಲದೆಯೇ ಇಳಿಯಿತು. ಕೂದಲು ಮಾತ್ರ ಎಲ್ಲಕ್ಕಿಂತ ಕೊನೆಗೆ ಸುಧಾರಿಸಿತು. ತೂಕ ಕೇವಲ ಮೂರು ಕಿಲೋ ಇಳಿಯಿತೆಂದು ಹಲವರು ನನ್ನ ಪರವಾಗಿ ಬೇಸರಪಟ್ಟರು. ಥೈರಾಯ್ಡ್ ಎಂದರೆ ದಪ್ಪವಾಗುವ ಕಾಯಿಲೆ ಎಂಬ ನಂಬಿಕೆ ನನಗಂತೂ ರೇಜಿಗೆ ಹುಟ್ಟಿಸುತ್ತದೆ. ಈ ಕಾಯಿಲೆಯಿಂದ ಏರುವ ತೂಕ ಸಾಮಾನ್ಯವಾಗಿ ನಾಲ್ಕೈದು ಕಿಲೋ ದಾಟುವುದಿಲ್ಲ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ನನ್ನನ್ನು ಕಾಡಿದ್ದು ತೂಕವಲ್ಲ, ಓದಿದ ಪುಟವನ್ನು ಮತ್ತೆ ಓದುವಂತೆ ಮಾಡುತ್ತಿದ್ದ ಮಂಕು.

ಇದು ಮನೆತನದಲ್ಲಿ ಹರಿದುಬರುವ ಸಾಧ್ಯತೆ ಇರುವುದರಿಂದ ಡಾಕ್ಟರು ಅಕ್ಕನಿಗೂ ರಕ್ತಪರೀಕ್ಷೆ ಬರೆದುಕೊಟ್ಟಿದ್ದರು. ಅವಳ ಟಿಎಸ್‌ಎಚ್ ಸಹಜವಾಗಿಯೇ ಬಂತು, ಆದರೆ ಪ್ರತಿಕಾಯಗಳು ಅವಳಲ್ಲೂ ಇದ್ದವು. ಈಗಲೇ ಮಾತ್ರೆಯ ಅಗತ್ಯವಿಲ್ಲ, ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಂಡರೆ ಸಾಕು ಎಂದು ಅವರು ಹೇಳಿದ್ದಾರೆ. ಮುಂದಿನ ಸಲ ಇಬ್ಬರೂ ಒಟ್ಟಿಗೆ ರಕ್ತ ಕೊಡಲು ಹೋಗುವುದೆಂದು ನಿಶ್ಚಯವಾಗಿದೆ.